ಬಡ್ಡಿ ಕೇಳದವರ ಬಾಂಡು

“ಕಕ್ಕಸಿಗೆ,” ಎಂದರು ರುಕಿಯ್ಯ.

ನಿರಂಜನ ಚಹಾದ ಲೋಟವನ್ನು ತುಟಿಯವರೆಗೆ ತಂದವನು ಅಲ್ಲೇ ನಿಲ್ಲಿಸಿದ.

“ಏನಂದ್ರಿ ಅಮ್ಮ?”

“ಕಕ್ಕಸು ಕಟ್ಟಿಸ್ಲಿಕ್ಕೆ ಅಂದೆ. ಭಟ್ಕಳದಲ್ಲಿ ನಮ್ಮ ತವರಿನ ಹತ್ರ ಮೀನು ಮಾರುವ ಹೆಂಗಸರಿದ್ದಾರಲ್ಲ, ಬೆಳಿಗ್ಗೆ ಕೂತರೆ ಮಧ್ಯಾಹ್ನದ ತನಕ ಏಳುದಿಲ್ಲ. ಹೋಗ್ಲಿಕ್ಕೆ ಜಾಗ ಇಲ್ಲ ಅಂತ ಪಾಪ ನೀರು ಸಾ ಕುಡಿಯುದಿಲ್ಲ. ಆ ಬಾಂಡಿನ ಬಡ್ಡಿ ಹಣ ಸುಮ್ಮನೆ ಬಿದ್ದುಕೊಂಡಿದೆಯಲ್ಲ, ಅದರಲ್ಲಿ ಕಟ್ಟಿಸುವಾ ಅಂತ ಆಫೀಸಿಗೆ ಫೋನ್ ಮಾಡಿದ್ದು ನಾನು.”

ಸೋಫಾದ ಆಚೆ ತುದಿಯಲ್ಲಿದ್ದ ಅಬ್ದುಲ್ ಅಲೀಮ್ ಸಾಹೇಬರು ಗಂಟಲು ಸರಿಪಡಿಸಿಕೊಂಡರು. “ಇವರಿಗೆ ಅದೆಲ್ಲ ಎಂತಕ್ಕೆ ಈಗ? ಚಾ ಕುಡೀಲಿ.”

“ನನ್ನ ಮಗ ಪೊಲೀಸರ ಹತ್ರ ಇದ್ದಾನೆ. ಕೇಳಿದ್ದಕ್ಕೆಲ್ಲ ಹೇಳ್ತೇನೆ ನಾನು,” ಎಂದರು ರುಕಿಯ್ಯ, ಗಂಡನ ಕಡೆ ತಿರುಗದೆ.

ದುಬೈನ ಅಲ್ ಕುಸೈಸಿನ ಆ ಮನೆಯಲ್ಲಿ ವಾರದಿಂದ ಯಾರೂ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಅಬುಧಾಬಿಯ ಹೂಡಿಕೆ ಸಲಹೆಗಾರ ಕಾನ್ರಾಡನ ದುಬೈ ಕಚೇರಿಯನ್ನು ನೋಡಿಕೊಳ್ಳುತ್ತಿದ್ದ ಗುಮಾಸ್ತ ಗೇಬ್ರಿಯಲ್, ಇಂಟರ್‌ನ್ಯಾಷನಲ್ ಸಿಟಿಯ ತನ್ನ ಕಟ್ಟಡದ ಮೆಟ್ಟಿಲ ಬುಡದಲ್ಲಿ ತಲೆಯೊಡೆದು ಸತ್ತು ಬಿದ್ದಿದ್ದ. ಪೊಲೀಸರು ಬಂದಾಗ ಹೆಣದ ಪಕ್ಕದಲ್ಲಿ ಕೂತಿದ್ದವನು ಈ ಮನೆಯ ಮಗ ಅರ್ಶದ್. ಅವತ್ತಿನಿಂದ ಅರ್ಶದ್ ಬಾಯಿ ಬಿಟ್ಟಿರಲಿಲ್ಲ. ಯಾಕೆ ಹೋಗಿದ್ದೆ ಎಂದು ಕೇಳಿದರೆ ನೆಲ ನೋಡುತ್ತಿದ್ದ. ಎಣ್ಣೆ ಕಾರ್ಖಾನೆಗಳ ಊರಾದ ದೂರದ ರುವೈಸಿನಲ್ಲಿದ್ದ ಅವನ ಕಂಪನಿ, ಕೆಲಸಕ್ಕೆ ಬಾರದವನ ಮನೆಮಂದಿಗೆ ಕ್ವಾರ್ಟರ್ಸ್ ಯಾಕೆ ಎಂದು ಆಗಲೇ ವಿಚಾರಿಸತೊಡಗಿತ್ತು. ಅವನ ಹೆಂಡತಿ ಹನಾ ಅಲ್ಲಿ ಕೂತು ಪಾತ್ರೆಪಡಗ ಕಟ್ಟುತ್ತಿದ್ದಳು. ಕೆಲಸ ಹೋದರೆ ವೀಸಾ, ವೀಸಾ ಹೋದರೆ ಮನೆ. ಆರೋಪ ಸಾಬೀತಾದರೆ ಅವನ ತಲೆಯೇ.

ಅರ್ಶದನ ಕೇಸು ಹಿಡಿದಿದ್ದವರು ವಕೀಲೆ ಮೆಹರುನ್ನಿಸ. ಅವರಿಗಾಗಿ ಊರೆಲ್ಲ ಸುತ್ತಿ ಸಂಗತಿ ಹೆಕ್ಕಿ ತರುವವನು ನಿರಂಜನ. ಅಕ್ಕಿಹೆಬ್ಬಾಳಿನ ಕಡೆಯ ದನದ ದಲ್ಲಾಳಿಯೊಬ್ಬನ ಮಗ. ಬ್ಯಾಂಕೊಂದರ ವಂಚನೆ ಪತ್ತೆ ವಿಭಾಗದಲ್ಲಿ ವರ್ಷಗಟ್ಟಲೆ ದುಡಿದು ಮನುಷ್ಯರ ಮೇಲೆ ಇದ್ದಬದ್ದ ಗೌರವ ಕಳೆದುಕೊಂಡು ಈ ಮರಳಿಗೆ ಬಂದಿದ್ದ.

“ಸಾಹೇಬ್ರೆ, ಒಂದು ಅರ್ಥ ಆಗ್ಲಿಲ್ಲ ನಂಗೆ,” ಎಂದ ನಿರಂಜನ. “ಬಡ್ಡಿ ಮುಟ್ಟೋದಿಲ್ಲ ಅನ್ನೋರು ಬಾಂಡ್ ಯಾಕೆ ತಗೊಂಡ್ರಿ? ಬಾಂಡ್ ಅಂದ್ರೇನೆ ಕಂಪನಿಗೆ ನಾವು ಸಾಲ ಕೊಡೋದು, ಅದು ನಮಗೆ ಬಡ್ಡಿ ಕಟ್ಟೋದು.”

“ಕಾನ್ರಾಡ್ ಹಾಗೆ ಹೇಳ್ಲಿಲ್ಲ. ಕಂಪನಿಯಲ್ಲಿ ಹಣ ಹಾಕುದು, ಲಾಭ ಬರುದು, ಹತ್ತು ವರ್ಷಕ್ಕೆ ಅಸಲು ವಾಪಸ್ಸು ಅಂದ. ಸಹಿ ಆದ ಮೇಲೆ ಅರ್ಶದ್ ಕಾಗದ ಓದಿ, ಅಪ್ಪಾ, ಇದು ಸೂದ್, ಬಡ್ಡಿ ಇದು ಅಂದ.”

“ಆಗ್ಲೇ ಮಾರಿಬಿಡಬಹುದಿತ್ತಲ್ಲ?”

ಅಲೀಮರು ಟೀಪಾಯಿಯ ಗಾಜನ್ನು ಬೆರಳಿನಿಂದ ಒರೆಸಿದರು. “ಮಾರಿದರೆ ಅಸಲಿನಲ್ಲಿ ಸ್ವಲ್ಪ ಹೋಗ್ತಿತ್ತು.”

“ಹಾಗಾಗಿ ಇಟ್ಕೊಂಡ್ರಿ.”

“ಅಸಲು ನಮ್ದು. ಅದು ಹಲಾಲ್. ಬಡ್ಡಿ ಮಾತ್ರ ಮುಟ್ಟುದಿಲ್ಲ ಅಂತ ನಿಶ್ಚಯ ಮಾಡಿದೆವು. ಬ್ಯಾಂಕಿನದ್ದು ಸಾ ಹಾಗೇ ಅಲ್ವಾ, ನಮ್ಮ ಪೈಕಿಯವರು ಯಾರೂ ಮುಟ್ಟುದಿಲ್ಲ. ಉಣ್ಣಲಿಕ್ಕಾಗುದಿಲ್ಲ, ಮಸೀದಿಗೆ ಕೊಡ್ಲಿಕ್ಕಾಗುದಿಲ್ಲ. ಪುಣ್ಯದ ಆಸೆ ಇಟ್ಕೊಳ್ಳದೆ ಯಾರಿಗಾದರೂ ಕೊಟ್ಟು ಕೈ ತೊಳ್ಕೊಳ್ಳುದು.”

“ಕಕ್ಕಸು, ಚರಂಡಿ, ಅಂಥದ್ದಕ್ಕೆ,” ಎಂದು ರುಕಿಯ್ಯ ಸೇರಿಸಿದರು.

“ಸರಿ. ಈ ಬಾಂಡಿನ ಬಡ್ಡಿ ಎಲ್ಲಿದೆ ಈಗ?”

“ಕಾನ್ರಾಡನ ಹತ್ರ. ಬೇರೆ ಖಾತೆಯಲ್ಲಿ ಹಾಕಿ ಇಡ್ತೇನೆ ಅಂದಿದ್ದ.”

“ಇದೆಯಾ ಅಂತ ಯಾವತ್ತಾದ್ರೂ ನೋಡಿದ್ರಾ?”

“ನಮ್ದಲ್ಲದ್ದನ್ನು ನೋಡುದು ಎಂತಕ್ಕೆ?” ಎಂದರು ಅಲೀಮರು, ತಲೆ ಎತ್ತಿ, ನಿಜವಾದ ಹೆಮ್ಮೆಯಿಂದ.

ನಿರಂಜನನಿಗೆ ಕಹಿ ನಗು ಬಂತು. ಕಾಲು ಒದ್ದೆಯಾಗದ ಹಾಗೆ ಹೊಳೆ ದಾಟುವ ಜನ! ನೀರಿಗಿಳಿಯಲೂ ಬೇಕು, ಪಂಚೆಯ ಅಂಚೂ ನೆನೆಯಬಾರದು. ಸಂತೆಯಲ್ಲಿ ಎತ್ತು ಕೊಳ್ಳುವ ಅನಕ್ಷರಸ್ಥ ರೈತ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಬಾಲ ಎತ್ತಿ ನೋಡುತ್ತಾನೆ, ಹತ್ತು ಹೆಜ್ಜೆ ನಡೆಸಿ ನೋಡುತ್ತಾನೆ. ದೇರಾ ಪೇಟೆಯಲ್ಲಿ ಎರಡು ಅಂಗಡಿ ನಡೆಸುವ ಈ ವ್ಯಾಪಾರಿ, ಬಟ್ಟೆಯ ಥಾನಿನಲ್ಲಿ ಒಂದು ಗೇಣು ಕಡಿಮೆಯಾದರೆ ಚೀನಾಕ್ಕೆ ಫೋನು ಮಾಡುವ ಆಸಾಮಿ, ಜೀವಮಾನದ ಗಳಿಕೆಯ ಹಲ್ಲನ್ನು ವರ್ಷಗಟ್ಟಲೆ ನೋಡದೆ ಬಿಟ್ಟದ್ದನ್ನು ಧರ್ಮ ಎಂದು ಕರೆಯುತ್ತಿದ್ದ.

“ನಿಮ್ಮ ಥರ ಬಾಂಡ್ ತಗೊಂಡು ಬಡ್ಡಿ ಬಿಟ್ಟೋರು ಬೇರೆ ಎಷ್ಟು ಜನ ಇದ್ದಾರೆ?”

“ಇದ್ದಾರೆ. ನಮ್ಮ ಸಂಬಂಧಿಕರೇ. ತುಂಬ ಜನ.” ಅಲೀಮರ ಕಣ್ಣು ಮತ್ತೆ ಟೀಪಾಯಿಗೆ ಇಳಿಯಿತು.

ನಿರಂಜನ ರುಕಿಯ್ಯನವರ ಕಡೆ ತಿರುಗಿದ. “ಅಮ್ಮ, ಫೋನಿನಲ್ಲಿ ಗೇಬ್ರಿಯಲ್ ಏನಂದ?”

“ಯಾವ ಹಣ ಅಂತ ಎರಡು ಸಲ ಕೇಳಿದ. ಮತ್ತೆ, ‘ಮ್ಯಾಡಮ್, ಆ ಹಣ ಬೇಕು ಅಂತ ಕೇಳಿದ್ದು ನೀವೇ ಮೊದಲು’ ಅಂದ. ದನಿ ಒಂಥರಾ ಇತ್ತು. ಅಳುವವನ ಹಾಗೆ.”

“ಆಮೇಲೆ?”

“ಆಮೇಲೆ ಎಂತದು? ಫೋನ್ ಇಟ್ಟ. ಖಲಾಸ್.” ಅವರು ಸೆರಗನ್ನು ಬಿಗಿಯಾಗಿ ಸುತ್ತಿಕೊಂಡರು. “ಅರ್ಶದನಿಗೆ ಹೇಳಿದೆ. ಅವನಿಗೆ ಮೊದಲೇ ಸಂಶಯ. ಬಾಂಡ್ ಕೊಟ್ಟ ಕಂಪನಿಯವರು ಅವನ ರುವೈಸಿನಲ್ಲೇ ಅಲ್ವಾ ಪೈಪು ಹಾಕುದು? ಎಣ್ಣೆ ರೇಟು ಬಿದ್ದ ಮೇಲೆ ಅವರ ಲೇಬರ್ ಕ್ಯಾಂಪು ಖಾಲಿ ಅಂತೆ. ಪೈಪ್ ಫಿಟ್ಟರ್‌ಗಳಿಗೆ ಸಂಬಳ ಇಲ್ಲ, ಊಟ ಇಲ್ಲ. ‘ಅಮ್ಮಾ, ಕೂಲಿ ಕೊಡ್ಲಿಕ್ಕಾಗದವ ಬಡ್ಡಿ ಹೇಗೆ ಕೊಡ್ತಾನೆ’ ಅಂದ ಮಗ.”

ನಿರಂಜನ ಲೋಟವನ್ನು ಕೆಳಗಿಟ್ಟ. ಊರೆಲ್ಲ ಓದಿದವರು ತಿಂಗಳುಗಟ್ಟಲೆ ಕೇಳದ ಪ್ರಶ್ನೆ! ಅದು ಹುಟ್ಟಬೇಕಾದರೆ ಮೀನು ಮಾರುವ ಹೆಂಗಸರು ನೀರು ಕುಡಿಯದೆ ಕೂರಬೇಕಾಯಿತು.

“ಸಾಹೇಬ್ರೆ, ಅಬುಧಾಬಿಗೆ ಹೋಗೋಣ. ಕಾನ್ರಾಡನ್ನ ನೋಡ್ಬೇಕು. ನಿಮ್ಮ ಕಾರು ತೆಗೀರಿ.”

“ನಿಮ್ಮ ಕಾರು?”

“ಲೈಸೆನ್ಸ್ ಟೆಸ್ಟಿನಲ್ಲಿ ಮತ್ತೆ ಫೇಲು. ಈ ಊರಲ್ಲಿ ಸೊಸೆ ಹುಡುಕೋದು ಸುಲಭ, ಲೈಸೆನ್ಸ್ ಸಿಗೋದು ಕಷ್ಟ.”

“ನಂಗೆ ಮೊದಲ ಸಲಕ್ಕೇ ಸಿಕ್ಕಿತ್ತು,” ಎಂದರು ರುಕಿಯ್ಯ.

ಫೇಲಾದದ್ದು ನಿಜವೇ. ಆದರೆ ಆ ಕಾರನ್ನೇ ಕೇಳಿದ್ದಕ್ಕೆ ಕಾರಣ ಬೇರೆಯೇ ಇತ್ತು. ಗೇಬ್ರಿಯಲ್‌ನ ಕಟ್ಟಡದ ಕೆಳಗಿನ ಗ್ರೋಸರಿಯ ಮಲಯಾಳಿ ಹಿಂದಿನ ದಿನ ನಿರಂಜನನಿಗೆ ಒಂದು ಮಾತು ಹೇಳಿದ್ದ: ಸಾವಾದ ಸಂಜೆ, ಪೊಲೀಸರು ಬರುವುದಕ್ಕೆ ತುಸು ಮುಂಚೆ, ಬೆಳ್ಳಿ ಬಣ್ಣದ ದೊಡ್ಡ ಕಾರೊಂದು ಅಂಗಡಿಯೆದುರು ಅಡ್ಡ ನಿಂತಿತ್ತು, ಹಿಂದಿನ ಗಾಜಿಗೆ ರುವೈಸ್ ಕ್ರಿಕೆಟ್ ತಂಡದ ಚೀಟಿ ಅಂಟಿಸಿತ್ತು, ಯಾರು ಹತ್ತಿದರೋ ನೋಡಲಿಲ್ಲ, ಭರ್ರೆಂದು ಹೋಯಿತು. ಅರ್ಶದ್ ಅಂಟಿಸಿದ ಅಂಥದೇ ಚೀಟಿಯ ಬೆಳ್ಳಿ ಬಣ್ಣದ ಕಾರು ಈ ಮನೆಯ ಕೆಳಗೇ ನಿಂತಿತ್ತು; ಅದು ಅಲೀಮರ ಕಾರು. ಅರ್ಶದ್ ಅವತ್ತು ಬಂದದ್ದು ರುವೈಸಿನಿಂದ ಗೆಳೆಯನೊಬ್ಬನ ಗಾಡಿಯಲ್ಲಿ. ಹಾಗಾದರೆ ಮನೆಯ ಕಾರು ಅಲ್ಲಿಗೆ ಹೋದದ್ದು ಹೇಗೆ?

ಮಗ ಬಾಯಿ ಮುಚ್ಚಿ ಕೂತಿರುವುದು ಅಪ್ಪನಿಗಾಗಿ. ನಿರಂಜನ ಅದನ್ನು ಆಗಲೇ ತೀರ್ಮಾನಿಸಿಬಿಟ್ಟಿದ್ದ.

* * *

ಶೇಖ್ ಝಾಯೆದ್ ರಸ್ತೆಯಲ್ಲಿ ಅಲೀಮರು ಎತ್ತಿನ ಗಾಡಿ ಹೊಡೆದ ಹಾಗೆ ಬಲಗಡೆಯ ಸಾಲು ಬಿಡದೆ ಕಾರು ಓಡಿಸಿದರು. ಟೋಲ್ ಗೇಟು ತಪ್ಪಿಸಲು ಸುತ್ತು ದಾರಿ ಹಿಡಿದರು. ಮಗ ಲಾಕಪ್ಪಿನಲ್ಲಿರುವಾಗಲೂ ಟೋಲಿನ ನಾಲ್ಕು ದಿರ್ಹಮ್ ಉಳಿಸುವ ಬುದ್ಧಿ ಎಲ್ಲೂ ಹೋಗಿರಲಿಲ್ಲ.

ನಿರಂಜನ ಶ್ರೀನಿವಾಸಮೂರ್ತಿಗೆ ಫೋನು ಹಚ್ಚಿದ. ಮೈಸೂರಿನವರು; ಒಂದು ದೊಡ್ಡ ಕಚೇರಿಯ ಆಡಳಿತ ವಿಭಾಗದಲ್ಲಿದ್ದು, ನಿವೃತ್ತಿಯ ಹೊಸಿಲಲ್ಲಿದ್ದರು. ಕಾನ್ರಾಡನ ಇನ್ನೊಂದು ಬಗೆಯ ಗಿರಾಕಿ.

“ಏನಪ್ಪಾ ನಿರಂಜನ, ಆ ಹುಡುಗನ ವಿಷಯ ಏನಾಯ್ತು? ಪಾಪ, ಎಂಜಿನಿಯರ್ ಅಂತೆ.”

“ನಡೀತಿದೆ ಸರ್. ಒಂದು ಕೇಳಬೇಕಿತ್ತು. ನಿಮ್ಮ ಬಾಂಡಿನ ಬಡ್ಡಿ ಬರ್ತಾ ಇದೆಯಾ?”

“ಬರ್ತಾ ಇದೆಯಾ ಅಂದ್ರೇನ್ರೀ! ಅರ್ಧ ವರ್ಷಕ್ಕೊಂದ್ಸಲ ಗಡಿಯಾರ ಇದ್ದ ಹಾಗೆ. ನೋಡಿ, ನಾನು ನಿಮಗೆ ಆಗ್ಲೇ ಹೇಳಿದ್ದೆ. ಷೇರು ಎಲ್ಲ ಜೂಜುಕೋರರಿಗೆ. ವಯಸ್ಸಾದ ಮೇಲೆ ಮನುಷ್ಯ ಬಾಂಡಿನಲ್ಲಿರಬೇಕು. ಒಳ್ಳೇ ಕಂಪನಿ ಬಾಂಡು. ಸರ್ಕಾರದ್ದಕ್ಕಿಂತ ಎರಡು ಪರ್ಸೆಂಟ್ ಜಾಸ್ತಿ.”

ಹಿಂದಿನಿಂದ ಸುಶೀಲಮ್ಮನವರ ದನಿ ತೂರಿ ಬಂತು. “ಚೆಕ್ಕಿನ ವಿಷಯ ಹೇಳಿ ಅಂದ್ರೆ.”

“ಏ ಸುಮ್ನಿರೆ. ಅದೇನಿಲ್ಲಪ್ಪ. ಮೊದಲು ಕಂಪನಿ ಕಡೆಯಿಂದ ನೇರವಾಗಿ ಬ್ಯಾಂಕಿಗೆ ಬರ್ತಿತ್ತು. ಈಚೆಗೆ ಕಾನ್ರಾಡ್ ಅವರ ಆಫೀಸಿನ ಚೆಕ್ಕು ಬರ್ತಿದೆ. ಅದೇನೋ ಹೊಸ ಪದ್ಧತಿ ಅಂತೆ. ನಮಗೇನು, ದುಡ್ಡು ಬಂದ್ರೆ ಸಾಕು.”

“ಯಾಕೆ ಅಂತ ಕೇಳ್ಲಿಲ್ವಾ ಸರ್?”

“ಬರೋ ಲಕ್ಷ್ಮಿನ ಯಾಕಮ್ಮ ಬಂದೆ ಅಂತ ಕೇಳ್ತಾರೇನ್ರೀ?”

ನಿರಂಜನ ಫೋನು ಇಳಿಸಿದ. ಒಬ್ಬ ತನ್ನದಲ್ಲ ಎಂದು ಕೇಳಲಿಲ್ಲ. ಇನ್ನೊಬ್ಬ ತನಗೆ ಬಂತಲ್ಲ ಎಂದು ಕೇಳಲಿಲ್ಲ. ಇಬ್ಬರ ನಡುವೆ ಕಳ್ಳನಿಗೆ ಹಾಸಿ ಕೊಟ್ಟ ಹಾಸಿಗೆ. ಕಾಯುವವನೇ ಹಗ್ಗ ಬಿಚ್ಚಿ ಕೊಟ್ಟ ಮೇಲೆ ದನ ಕದಿಯಲು ಕತ್ತಲೆಯೂ ಬೇಕಿಲ್ಲ.

“ಎಂತ ಹೇಳಿದರು ಮೂರ್ತಿಗಳು?” ಎಂದು ಕೇಳಿದರು ಅಲೀಮರು.

“ನಿಮ್ಮ ಆರೋಗ್ಯ ವಿಚಾರಿಸಿದ್ರು.”

* * *

ಎಲೆಕ್ಟ್ರಾ ರಸ್ತೆಯ ಕಟ್ಟಡದ ಕೆಳಗೆ ಅಲೀಮರು ಕಾರು ನಿಲ್ಲಿಸಿದರು. “ನಾನು ಬರುದಿಲ್ಲ. ಅವನ ಮುಖ ನೋಡುದು ಬೇಡ ನಂಗೆ.”

ಒಳ್ಳೆಯದೇ ಆಯಿತೆಂದು ನಿರಂಜನ ಒಬ್ಬನೇ ಮೇಲೆ ಹೋದ.

ಕಾನ್ರಾಡ್ ಎದ್ದು ನಿಂತು ಕೈ ಕುಲುಕಿದ. ಐವತ್ತರ ಆಸುಪಾಸು, ಮಂಗಳೂರಿನವನು, ಬೆಳ್ಳಗಿನ ಅಂಗಿಗೆ ಒಂದು ಸುಕ್ಕಿಲ್ಲ. ಗುಮಾಸ್ತ ಸತ್ತ ದುಃಖಕ್ಕೆಂದು ಜೇಬಿನ ಮೇಲೆ ಸಣ್ಣ ಕಪ್ಪು ಪಟ್ಟಿ ಚುಚ್ಚಿಕೊಂಡಿದ್ದ. ಅದೂ ಇಸ್ತ್ರಿಯಾಗಿತ್ತು.

“ಬನ್ನಿ ಮಾರಾಯ್ರೆ. ನಮ್ಮ ಕಾಫಿ? ಅರಬ್ಬಿ ಕಾಫಿ, ಗಾವಾ? ಖರ್ಜೂರ ಲಿವಾದ್ದು, ಫಸ್ಟ್ ಕ್ಲಾಸ್.”

“ಬೇಡ. ಬಾಂಡ್ ಅಂದ್ರೇನು ಅಂತ ತಿಳ್ಕೊಂಡು ಹೋಗೋಣ ಅಂತ ಬಂದೆ.”

ಕಾನ್ರಾಡನ ಮುಖ ಅರಳಿತು. ಮಾತು ಬಾಯಲ್ಲೇ ಕಾದು ಕೂತಿತ್ತು. “ಗುಡ್. ಯಾರೂ ಕೇಳುದೇ ಇಲ್ಲ ನೋಡಿ. ಹಡಗಿನ ಅಡಿಯಲ್ಲಿ ಭಾರ ಇಡ್ತಾರಲ್ಲ, ಕಲ್ಲೋ ಮರಳೋ? ಅದು ಬಾಂಡ್. ಷೇರು ಅಂದ್ರೆ ಮೇಲಿನ ಹಾಯಿ. ಗಾಳಿ ಬಂದ್ರೆ ಓಡ್ತದೆ, ಬಿರುಗಾಳಿ ಬಂದ್ರೆ ಹರೀತದೆ. ಆಗ ಹಡಗು ಮಗುಚದ ಹಾಗೆ ಹಿಡಿಯುದು ಕೆಳಗಿನ ಭಾರ. ಹತ್ತು ವರ್ಷ, ಹದಿನೈದು ವರ್ಷದ ಲೆಕ್ಕ ಹಾಕುವವರಿಗೆ ಕಂಪನಿ ಬಾಂಡ್ ಬೇಕೇ ಬೇಕು. ವಯಸ್ಸಾದ ಹಾಗೆ ಹಾಯಿ ಇಳಿಸುದು, ಭಾರ ಏರಿಸುದು.”

“ಚೆನ್ನಾಗಿದೆ. ಈ ಭಾರವನ್ನ ಒಂದೇ ಬಂಡೆ ಮಾಡಿ ಇಡ್ತಾರಾ, ಚೂರುಚೂರು ಮಾಡಿ ಹರಡ್ತಾರಾ?”

“ಹರಡಬೇಕು. ಹತ್ತು ಕಂಪನಿ, ಇಪ್ಪತ್ತು ಕಂಪನಿ. ಒಂದು ಮುಳುಗಿದ್ರೆ ಇನ್ನೊಂದು. ಅದು ಎ-ಬಿ-ಸಿ.”

“ಅಲೀಮ್ ಸಾಹೇಬ್ರಿಗೆ ಎಷ್ಟು ಕಂಪನಿ ಬಾಂಡ್ ಮಾರಿದ್ರಿ?”

ಕಾನ್ರಾಡ್ ಖರ್ಜೂರದ ತಟ್ಟೆಯನ್ನು ತುಸು ಸರಿಸಿದ.

“ಒಂದು,” ಎಂದ ನಿರಂಜನ. “ಮೂರ್ತಿಗಳಿಗೆ? ಅದೇ ಒಂದು. ಅಲೀಮರ ಭಾವ, ಷಡ್ಡಕ, ಷಡ್ಡಕನ ಬೀಗರು, ಎಲ್ಲರಿಗೂ ಅದೇ ಪೈಪಿನ ಕಂಪನಿ. ಯಾಕೆ ಅಂದ್ರೆ ಆ ಕಂಪನಿ ನಿಮಗೆ ಕಮಿಷನ್ ಜಾಸ್ತಿ ಕೊಡ್ತಿತ್ತು. ಹಾಯಿ ಇಲ್ಲ, ಹಡಗೂ ಇಲ್ಲ. ಒಂದು ಕಲ್ಲಿನ ಮೇಲೆ ಕೂರಿಸಿ ಸಮುದ್ರಕ್ಕೆ ಬಿಟ್ಟಿದ್ದೀರಿ ಜನಾನ.”

“ಎಲ್ಲ ಕಾಗದದಲ್ಲಿ ಬರ್ದಿದೆ. ಅವರೇ ಸಹಿ ಹಾಕಿದ್ದು.”

“ಆ ಕಂಪನಿ ಬಡ್ಡಿ ಕಟ್ಟೋದು ನಿಲ್ಲಿಸಿ ಎಷ್ಟು ಕಾಲ ಆಯ್ತು?”

ಕಾನ್ರಾಡ್ ತಟ್ಟೆಯ ಖರ್ಜೂರಗಳನ್ನು ಸಾಲಾಗಿ ಜೋಡಿಸತೊಡಗಿದ. ಕೆಳಗೆ ರಸ್ತೆಯಲ್ಲಿ ಯಾರೋ ಹಾರ್ನು ಹಿಡಿದೇ ಇದ್ದರು.

“ನಾನೇ ಹೇಳ್ತೀನಿ,” ಎಂದ ನಿರಂಜನ. “ಎಣ್ಣೆ ಬೆಲೆ ಬಿದ್ದು, ಕ್ಯಾಂಪು ಖಾಲಿಯಾದ ದಿನಗಳಿಂದ. ನಿಮ್ಮ ಗಿರಾಕಿಗಳಲ್ಲಿ ಎರಡು ಜಾತಿ. ಬಡ್ಡಿ ಉಣ್ಣೋರು ಒಂದು, ಬಡ್ಡಿ ಬೇಡ ಅನ್ನೋರು ಒಂದು. ಉಣ್ಣೋರಿಗೆ ಒಂದು ಕಂತು ತಪ್ಪಿದ್ರೂ ಮಾರನೇ ದಿನ ನಿಮ್ಮ ಬಾಗಿಲಲ್ಲಿ ಇರ್ತಾರೆ. ಅದಕ್ಕೆ ಬೇಡ ಅನ್ನೋರ ಬಾಂಡುಗಳನ್ನೇ ಸಿಕ್ಕಿದ ಬೆಲೆಗೆ ಮಾರಿ, ಆ ಹಣದಲ್ಲಿ ಮೂರ್ತಿಗಳಿಗೆ ಚೆಕ್ಕು ಬರೆದ್ರಿ. ಭಟ್ಕಳದವರು ಬಡ್ಡಿ ಬಂತಾ ಅಂತ ಯಾವತ್ತೂ ಕೇಳಲ್ಲ. ಕೇಳೋದು ಪಾಪ! ಬಡ್ಡಿ ಮುಟ್ಟದೋರ ಅಸಲೇ ಇನ್ನೊಬ್ಬರ ಬಡ್ಡಿ ಆಗಿ ಹೋಯ್ತು. ಇಂಥ ತಲೆ ಎಲ್ಲಿ ಬೆಳೆಸಿದ್ರಿ ನೀವು?”

ಕಾನ್ರಾಡ್ ಕನ್ನಡಕ ತೆಗೆದು ಒರೆಸಿದ. ಹೆದರಿದಂತೆ ಕಾಣಲಿಲ್ಲ. ಬೇಜಾರಾದಂತೆ ಕಂಡ.

“ನಾನಲ್ಲ. ಗೇಬ್ರಿಯಲ್. ದುಬೈ ಕಚೇರಿ ಪೂರಾ ಅವನ ಕೈಯಲ್ಲಿತ್ತು. ನಾನು ನಂಬಿದೆ. ನಂಬಿದ್ದೇ ನನ್ನ ತಪ್ಪು, ದೇವರು ಅವನ ಆತ್ಮಕ್ಕೆ ಶಾಂತಿ ಕೊಡ್ಲಿ.”

“ಸತ್ತವನ ಬೆನ್ನು ಅಗಲ. ಎಷ್ಟು ಬೇಕಾದ್ರೂ ಹೇರಬಹುದು.”

“ಹೇರುದಲ್ಲ. ಚೆಕ್ಕಿಗೆ ಸಹಿ ಯಾರದ್ದು, ನೋಡಿ ಬೇಕಾದ್ರೆ.”

“ಅವನ ಕೈಲಿ ಹಾಕಿಸಿರ್ತೀರಿ ಬಿಡಿ.”

ನಿರಂಜನನ ಅಪ್ಪನೂ ದಲ್ಲಾಳಿಯೇ. ಟವಲ್ಲಿನಡಿ ಬೆರಳು ಹಿಡಿದು ಬೆಲೆ ಕಟ್ಟಿ, ಎರಡೂ ಕಡೆಯಿಂದ ಕಾಸು ಕಿತ್ತು ಬದುಕಿದವನು, ಸಾಧುವೇನಲ್ಲ. ಆದರೆ ಕುಂಟೆತ್ತನ್ನು ಮಾರಿದರೆ ಮುಂದಿನ ಸಂತೆಯಲ್ಲಿ ಕೊಂಡವನ ಎದುರೇ ನಿಲ್ಲಬೇಕೆಂಬ ಭಯ ಅವನಿಗಿತ್ತು. ಈ ಇಸ್ತ್ರಿ ಅಂಗಿಯವನಿಗೆ ಮುಂದಿನ ಸಂತೆಯೇ ಇರಲಿಲ್ಲ. ಗಿರಾಕಿಗಳು ವೀಸಾ ಮುಗಿಸಿ ಊರಿಗೆ ಹೋಗುತ್ತಾರೆ, ಕಂಪನಿ ಬಾಗಿಲು ಹಾಕುತ್ತದೆ, ಗುಮಾಸ್ತ ಮೆಟ್ಟಿಲಿಂದ ಬೀಳುತ್ತಾನೆ.

“ರುಕಿಯ್ಯಮ್ಮ ಫೋನು ಮಾಡಿ ಹಣ ಕೇಳಿದ್ರು. ಗೇಬ್ರಿಯಲ್ ಹೆದರಿದ. ಎಲ್ಲ ಬಾಯಿಬಿಡೋಕೆ ಹೊರಟ. ಅಷ್ಟರಲ್ಲಿ ಸತ್ತ. ಯಾರಿಗೆ ಲಾಭ, ಕಾನ್ರಾಡ್ ಅವರೆ?”

“ಅದಕ್ಕೆ ನನ್ನ ಮೇಲೆ ಬಂದ್ರಾ?” ಕಾನ್ರಾಡ್ ನಕ್ಕೇಬಿಟ್ಟ. “ನೀವು ಭಾರಿ ಹುಷಾರು ಅಂತ ಕೇಳಿದ್ದೆ. ಆ ಸಂಜೆ ನಾನು ಇಲ್ಲೇ, ಇದೇ ಕುರ್ಚಿಯಲ್ಲಿ ಇದ್ದೆ. ಸಾಕ್ಷಿ ಬೇಕಾ? ಕೆಳಗೆ ಕಾರಿನಲ್ಲಿ ಕೂತಿದ್ದಾರಲ್ಲ, ಕಿಟಕಿಯಿಂದ ಕಂಡೆ, ನಿಮ್ಮ ಸಾಹೇಬ್ರು, ಅವರನ್ನೇ ಕೇಳಿ. ನೀವು ಕೂತ ಕುರ್ಚಿಯಲ್ಲೇ ಕೂತಿದ್ರು.”

“ಅಲೀಮ್ ಸಾಹೇಬ್ರಾ? ಇಲ್ಲಿ ಏನ್ ಮಾಡ್ತಿದ್ರು?”

“ದಲ್ಲಾಳಿ ಹಣ ತಗೊಳ್ಳಿಕ್ಕೆ ಬಂದದ್ದು. ಯಾಕೆ, ಹೇಳ್ಲಿಲ್ವಾ ನಿಮಗೆ?” ಕಾನ್ರಾಡ್ ಒಂದು ಖರ್ಜೂರ ಎತ್ತಿ ಬೀಜ ಬಿಡಿಸಿದ. ನಿಧಾನವಾಗಿ, ಸುಖವಾಗಿ. “ಭಾವ, ಷಡ್ಡಕ, ಬೀಗರು ಅಂತ ಪಟ್ಟಿ ಕೊಟ್ರಲ್ಲ ಈಗ, ಅವರನ್ನೆಲ್ಲ ಕರ್ಕೊಂಡು ಬಂದದ್ದು ಯಾರು ಅಂತ ಗ್ರಹಿಸಿದ್ರಿ? ತಲೆಗೆ ಇಷ್ಟು ಅಂತ ಮಾತಾಗಿತ್ತು. ಬಡ್ಡಿ ಹರಾಮ್ ಅಂತೆ, ದಲ್ಲಾಳಿ ಹಲಾಲ್ ಅಂತೆ! ದೇವರಿಗೇ ನಗು ಬರ್ಬೇಕು. ಬಾಕಿ ಇದ್ದದ್ದು ಇವತ್ತೇ ಬೇಕು ಅಂತ ಬಂದು ಕೂತ್ರು. ಬಂದದ್ದು ಹೇಗೆ ಗೊತ್ತಾ? ಬಸ್ಸಿನಲ್ಲಿ! ಟ್ಯಾಕ್ಸಿಗೆ ಕೊಡ್ಲಿಕ್ಕೆ ಮನಸ್ಸಿಲ್ಲ. ಎರಡು ಅಂಗಡಿ ಇದ್ದ ಮನುಷ್ಯ, ಲೇಬರ್‌ಗಳ ಮಧ್ಯೆ ನಿಂತ್ಕೊಂಡು ಬಸ್ಸಿನಲ್ಲಿ. ಸಂಜೆಯ ಮಗ್ರಿಬ್ ನಮಾಜು ಸಾ ಈ ಕಟ್ಟಡದ ಪ್ರೇಯರ್ ರೂಮಿನಲ್ಲೇ ಮಾಡಿದ್ರು. ಕ್ಯಾಮರಾ ಇದೆ, ನೋಡ್ತೀರಾ?”

ಗೋಡೆಯ ಪರದೆಯ ಮೇಲೆ ಅವನು ತೋರಿಸಿದ. ಬಿಳಿ ಟೊಪ್ಪಿ, ಬಗ್ಗಿದ ಬೆನ್ನು, ಚಪ್ಪಲಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಪ್ರೇಯರ್ ರೂಮಿಗೆ ಹೋಗುವ ಅಲೀಮರು. ಹಿಂದೆಯೇ ಮೊಬೈಲು ಒತ್ತುತ್ತ ದಾಟಿ ಹೋಗುವ ಕಾನ್ರಾಡ್. ಗೇಬ್ರಿಯಲ್ ಬಿದ್ದ ಹೊತ್ತಿಗೆ ಇಬ್ಬರೂ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿದ್ದರು.

ನಿರಂಜನನಿಗೆ ಅಸಹ್ಯವಾಯಿತು. ಸ್ವಂತ ನೆಂಟರನ್ನು ತಲೆಗಿಷ್ಟೆಂದು ಮಾರಿಕೊಂಡವನ ಮನೆಯಲ್ಲಿ ಚಹಾ ಕುಡಿದು ಬಂದಿದ್ದ. ‘ನಮ್ದಲ್ಲದ್ದನ್ನು ನೋಡುದು ಎಂತಕ್ಕೆ’ ಎಂದ ಆ ದನಿ, ಎತ್ತಿದ ಆ ತಲೆ! ಎದುರಿಗೆ ಕೂತ ಕಳ್ಳನಿಗಾದರೂ ತಾನು ಕಳ್ಳನೆಂಬುದು ಗೊತ್ತಿತ್ತು.

ಆದರೆ ಅಸಹ್ಯದ ಅಡಿಯಲ್ಲಿ ಒಂದು ಸಮಾಧಾನವೂ ಇತ್ತು. ಅಪ್ಪ ಎಂಥ ನೀಚನಾದರೂ ಕೊಲೆಗಾರನಲ್ಲ. ಅರ್ಶದ್ ಮೆಟ್ಟಿಲ ಬಳಿ ಮನೆಯ ಕಾರು ಕಂಡಿದ್ದಾನೆ, ಅಪ್ಪನೇ ಬಂದು ಹೋದನೆಂದು ತಿಳಿದಿದ್ದಾನೆ, ಅದಕ್ಕೇ ನಾಲಿಗೆ ಕಚ್ಚಿ ಕೂತಿದ್ದಾನೆ. ಆ ತಪ್ಪು ತಿಳಿವಳಿಕೆ ಬಿಡಿಸಿದರೆ ಹುಡುಗ ಕಂಡದ್ದನ್ನೆಲ್ಲ ಹೇಳುತ್ತಾನೆ. ಸಂಜೆಯೊಳಗೆ ಹೊರಗೆ ಬರುತ್ತಾನೆ.

ಮೆಹರುನ್ನಿಸ ಆ ಹೊತ್ತಿಗೆ ಠಾಣೆಯಲ್ಲಿ ಅರ್ಶದನ ಜೊತೆಗೇ ಇದ್ದರು. ನಿರಂಜನ ಅಲ್ಲೇ ಕೂತು ಅವರಿಗೆ ಬರೆದು ಕಳಿಸಿದ: ‘ಅರ್ಶದನಿಗೆ ಹೇಳಿ. ಆ ಸಂಜೆ ಅವನ ಅಪ್ಪ ಅಬುಧಾಬಿಯಲ್ಲಿದ್ದರು. ಕ್ಯಾಮರಾದಲ್ಲಿ ನಾನೇ ನೋಡಿದೆ. ಇನ್ನು ಯಾರಿಗಾಗಿ ಸುಮ್ಮನಿರಬೇಕು? ಬಾಯಿ ಬಿಡಲಿ.’

ಕಳಿಸಿದ ಮೇಲೆ ಬೆನ್ನನ್ನು ಕುರ್ಚಿಗೆ ಆನಿಸಿದ. ಬಹಳ ದಿನಗಳ ಮೇಲೆ ತನ್ನ ಬುದ್ಧಿಯ ಬಗ್ಗೆ ಅವನಿಗೆ ಸಂತೋಷವಾಯಿತು.

“ಈಗ ನಮ್ಮ ಮಾತು,” ಎಂದ ಕಾನ್ರಾಡ್. “ನಿಮಗೆ ಆ ಹುಡುಗ ಬೇಕು. ನನಗೆ ಎರಡು ವಾರ ಬೇಕು. ಗೇಬ್ರಿಯಲ್ ಎಲ್ಲ ಮಾಡಿ, ಸಿಕ್ಕಿಬೀಳ್ತೇನೆ ಅಂತ ತಾನೇ ಹಾರಿದ ಅಂತ ನಾನು ಪೊಲೀಸರಿಗೆ ಹೇಳ್ತೇನೆ. ಹುಡುಗ ಬಚಾವು. ನೀವು ಬಾಂಡಿನ ವಿಷಯ ಎರಡು ವಾರ ಎತ್ತುದು ಬೇಡ. ಆಯ್ತಾ?”

“ಎರಡು ವಾರದಲ್ಲಿ ನೀವು ಎಲ್ಲಿರ್ತೀರಿ?”

“ಅದು ನಿಮಗೆ ಯಾಕೆ?”

“ಎರಡು ಮಹಡಿ ಮೆಟ್ಟಿಲು ಹಾರಿ ಸಾಯೋಕೆ ಹೋಗ್ತಾರಾ ಯಾರಾದ್ರೂ? ಕಥೆ ಕಟ್ಟೋದಾದ್ರೂ ನೆಟ್ಟಗೆ ಕಟ್ಟಿ. ಬಾಂಡಿನ ಕಥೆ ಎಷ್ಟು ಚೆನ್ನಾಗಿ ಕಟ್ಟಿದ್ರಿ.”

“ಯೋಚನೆ ಮಾಡಿ ಮಾರಾಯ್ರೆ. ಸಾಹೇಬ್ರ ದಲ್ಲಾಳಿ ವಿಷಯ ಅವರ ಪೈಕಿಯವರಿಗೆ ಗೊತ್ತಾದ್ರೆ ಏನಾಗ್ತದೆ? ಮಗನ ಕೇಸಿಗೆ ಒಂದು ಪೈಸೆ ಕೊಡುವವ ಇರುದಿಲ್ಲ. ಅವರ ಮನೆಯಲ್ಲಿ ಸಾ ಗೊತ್ತಿಲ್ಲ ಅದು.” ಅವನು ತಡೆದ. ಖರ್ಜೂರದ ಬೀಜವನ್ನು ತಟ್ಟೆಯ ಅಂಚಿಗೆ ಇಟ್ಟ. “ಗೊತ್ತಿರ್ಲಿಲ್ಲ. ಗೇಬ್ರಿಯಲ್ ಮೊದಲೇ ಬಾಯಿ ಸಡಿಲದವ. ಯಾರ ಹತ್ರ ಎಂತ ಹೇಳಿದ್ದಾನೋ.”

ನ್ಯಾಯವಾಗಿ ನೋಡಿದರೆ ನಿರಂಜನ ಆ ಮಾತನ್ನು ಹಿಡಿದು ನಿಲ್ಲಿಸಬೇಕಿತ್ತು. ಆದರೆ ಅಷ್ಟರಲ್ಲಿ ಫೋನು ಅದುರಿತು. ಮೆಹರುನ್ನಿಸ.

“ಹೇಳಿ ಮ್ಯಾಡಮ್. ಬಾಯಿ ಬಿಟ್ನಾ?”

“ಬಿಟ್ಟ.” ಅವರ ದನಿಯಲ್ಲಿ ಸಂತೋಷ ಇರಲಿಲ್ಲ. “ಏನು ಮಾಡಿದ್ರಿ ನಿರಂಜನ್ ನೀವು?”

“ಯಾಕೆ?”

“ನೀವು ಬರೆದದ್ದನ್ನ ಹಾಗೇ ಓದಿ ಹೇಳಿದೆ. ‘ನಿಜವಾ ಮ್ಯಾಡಮ್? ಅಪ್ಪ ಅಲ್ವಾ? ಕ್ಯಾಮರಾದಲ್ಲಿದ್ದದ್ದು ಅಪ್ಪನೇನಾ?’ ಅಂತ ಎರಡೆರಡು ಸಲ ಕೇಳಿದ. ಹೌದು ಅಂದೆ. ಖುಷಿಯಾಗ್ತಾನೆ ಅಂದ್ಕೊಂಡೆ. ಅವನ ಮುಖದಲ್ಲಿ ರಕ್ತ ಇಲ್ಲ. ಆಮೇಲೆ ಎದ್ದು, ಆಫೀಸರನ್ನ ಕರೀರಿ ಅಂದ. ನಾನು ತಡೆಯೋದರೊಳಗೆ ಹೇಳಿಬಿಟ್ಟ.”

“ಏನಂತ?”

“‘ನಾನೇ ತಳ್ಳಿದ್ದು. ನಾನೊಬ್ಬನೇ. ಬೇರೆ ಯಾರೂ ಅಲ್ಲಿರಲಿಲ್ಲ.’ ಅರಬ್ಬಿಯಲ್ಲಿ ಬರೆಸಿಕೊಂಡ್ರು. ಸಹಿ ಹಾಕಿಬಿಟ್ಟ.”

ಫೋನು ಕಿವಿಯಲ್ಲಿ ಬಿಸಿಯಾಗಿತ್ತು. ಎದುರಿಗೆ ಕಾನ್ರಾಡ್ ಕುತ್ತಿಗೆ ವಾರೆ ಮಾಡಿ, ಸಂತೆಯಲ್ಲಿ ಬೆಲೆ ಇಳಿಯುವುದನ್ನು ಕಾಯುವವನ ಹಾಗೆ, ನಿರಂಜನನ ಮುಖವನ್ನೇ ನೋಡುತ್ತಿದ್ದ.

“ಏನಾದ್ರೂ ತೊಂದರೆಯಾ ಮಾರಾಯ್ರೆ?”

ನಿರಂಜನ ಎದ್ದು ನಡೆದ. ಲಿಫ್ಟಿನ ಕನ್ನಡಿಯಲ್ಲಿ ಒಬ್ಬ ದಡ್ಡ ನಿಂತಿದ್ದ. ಅಪ್ಪನೆಂದು ತಿಳಿದಾಗ ಸುಮ್ಮನಿದ್ದವನು, ಅಪ್ಪನಲ್ಲವೆಂದು ಗೊತ್ತಾದ ಕೂಡಲೇ ತಪ್ಪೊಪ್ಪಿಕೊಳ್ಳುತ್ತಾನೆಂದರೆ ಏನರ್ಥ? ಅಪ್ಪ ಬಸ್ಸಿನಲ್ಲಿ ಬಂದಿದ್ದರೆ ಮನೆಯ ಕಾರು ಓಡಿಸಿದ್ದು ಯಾರು? ಅಪ್ಪನಿಗಾಗಿ ಮೌನ ಸಾಕಿತ್ತು. ಈಗ ಮೌನ ಸಾಲದೆ ಹೋಯಿತು, ಕೊರಳನ್ನೇ ಕೊಡಬೇಕಾಯಿತು. ಯಾರಿಗೆ?

ಕೆಳಗೆ ಕಾರಿನ ಎಂಜಿನ್ ಆರಿಸಿರಲಿಲ್ಲ, ಏಸಿ ಓಡುತ್ತಿತ್ತು. ನಿರಂಜನ ಬಾಗಿಲು ತೆಗೆದು ಕೂತ.

“ಎಂತಾಯ್ತು? ಬಿಡ್ತಾರಾ ಮಗನನ್ನು?” ಎಂದರು ಅಲೀಮರು.

“ನೀವು ಆ ಸಂಜೆ ಇಲ್ಲಿದ್ರಂತೆ. ಬಂದ ಕೆಲಸವೂ ಗೊತ್ತಾಯ್ತು.”

ಅಲೀಮರ ಕುತ್ತಿಗೆ ಕೋಟಿನೊಳಗೆ ಇಳಿಯಿತು. ನಾಚಿಕೆಯೋ ಭಯವೋ ಹೇಳಲಾಗದು. “ಅದು ಮತ್ತೆ ಮಾತಾಡುವಾ. ಮಗನ ವಿಷಯ ಹೇಳಿ ನೀವು.”

“ಅರ್ಶದ್ ತಪ್ಪೊಪ್ಪಿಕೊಂಡಿದ್ದಾನೆ. ತಾನೇ ತಳ್ಳಿದ್ದು ಅಂತ ಸಹಿ ಹಾಕಿದ್ದಾನೆ.”

ಸುಳ್ಳು ಎಂದು ಕೂಗುತ್ತಾರೆ, ಎದೆ ಹಿಡಿದುಕೊಳ್ಳುತ್ತಾರೆ, ಕೊನೆಗೆ ದೇವರ ಹೆಸರನ್ನಾದರೂ ಎತ್ತುತ್ತಾರೆ ಎಂದು ನಿರಂಜನ ಕಾದ. ಅಲೀಮರು ಯಾವುದನ್ನೂ ಮಾಡಲಿಲ್ಲ. ಸ್ಟಿಯರಿಂಗಿನ ಮೇಲಿಟ್ಟ ಎರಡೂ ಕೈ ನೋಡಿಕೊಂಡರು. ಹಿಂದಿನ ಟ್ಯಾಕ್ಸಿಯವನು ಜಾಗ ಬಿಡೆಂದು ಹಾರ್ನು ಹೊಡೆದ. ಅವರಿಗೆ ಕೇಳಿಸಲಿಲ್ಲ.

ಆಮೇಲೆ, ಪಕ್ಕದಲ್ಲಿದ್ದವನ ಮುಖ ನೋಡದೆ, ಬಹಳ ಮೆಲ್ಲಗೆ ಕೇಳಿದರು:

“ಅವನ ಅಮ್ಮನ ಹೆಸರು ಎಲ್ಲಿಯೂ ತೆಗೀಲಿಲ್ಲ ಅಲ್ವಾ?”